ಟ್ರಾಲಿಂಗ್ ಬಂದ್, ಪ್ರೊಜೆಕ್ಟರ್ ಶುರು: ದಶಕಕ್ಕೊಂದು ಥ್ರಿಲ್ಲರ್ ಆರಿಸುವುದು ಹೇಗೆ?

ಜೂನ್ 1ಕ್ಕೆ ಟ್ರಾಲಿಂಗ್, ಅಂದರೆ ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವುದು, ಬಂದ್ ಆಗುತ್ತದೆ. ಜುಲೈ 31ರವರೆಗೆ ಬೋಟುಗಳು ದಡ ಬಿಡುವುದಿಲ್ಲ. ಕಾರವಾರದ ನಮ್ಮ ಕೇರಿಯಲ್ಲಿ ಆ ಎರಡು ತಿಂಗಳು ರಾತ್ರಿ ಹೊತ್ತು ಎಲ್ಲರೂ ಮನೆಯಲ್ಲೇ ಇರುತ್ತಾರೆ. ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಪ್ರೊಜೆಕ್ಟರ್ ತಂದೆ. ಅಪ್ಪನ ಬಿಳಿ ಪಂಚೆಯನ್ನು ಗೋಡೆಗೆ ಕಟ್ಟಿ, ಶನಿವಾರ ರಾತ್ರಿ ಸಿನಿಮಾ ಹಾಕಲು ಶುರು ಮಾಡಿದೆ. ಮೊದಲು ನಾವು ನಾಲ್ಕೇ ಜನ. ಆಮೇಲೆ ಪಕ್ಕದ ಮನೆಯ ಅಜ್ಜಿ ಬಂದರು, ಅವರ ಹಿಂದೆ ಮೊಮ್ಮಕ್ಕಳು, ಮೊಮ್ಮಕ್ಕಳ ಹಿಂದೆ ಅರ್ಧ ಕೇರಿ.

ಈಗ ಶಿರಸಿಯ ಭಾವ, ಕುಮಟಾದ ಗೆಳೆಯರು, ಅಂಕೋಲಾದ ಚಿಕ್ಕಮ್ಮನ ಮಕ್ಕಳು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. 'ಹಳೆಯ ಪತ್ತೇದಾರಿ ಸಿನಿಮಾ, ಗೂಢಚಾರಿ ಸಿನಿಮಾ ಬೇಕಾದಷ್ಟಿವೆ. ದಶಕಕ್ಕೆ ಒಂದೇ ಒಂದು ಅಂದ್ರೆ ಯಾವುದು ನೋಡೋದು?' 1930ರ ದಶಕದಿಂದ 2010ರ ದಶಕದವರೆಗೆ ಒಂಬತ್ತು ದಶಕ. ಎರಡು ತಿಂಗಳಲ್ಲಿ ಎಂಟೊಂಬತ್ತು ಶನಿವಾರ ಸಿಗುತ್ತವೆ. ಲೆಕ್ಕ ಸರಿಯಾಗಿ ಕೂಡುತ್ತದೆ.

ಮೊದಲು ಅಳತೆಗೋಲು

ನಾನು ಎಲ್ಲಕ್ಕಿಂತ ಮೊದಲು ನೋಡುವುದು ಇದನ್ನು: ಗುಟ್ಟು ಗೊತ್ತಾದ ಮೇಲೂ ಸಿನಿಮಾ ನಮ್ಮನ್ನು ಕೂರಿಸುತ್ತದಾ? ಕೊಲೆಗಾರ ಯಾರು ಅಂತ ತಿಳಿದ ಕೂಡಲೇ ಮುಗಿದುಹೋಗುವ ಸಿನಿಮಾ ಒಂದು ರಾತ್ರಿಯದು. ನಮ್ಮ ಕೇರಿಯಲ್ಲಿ ಯಾರಾದರೂ ಒಬ್ಬರು ಮೊದಲೇ ನೋಡಿರುತ್ತಾರೆ, ಬಾಯಿ ಬಿಡುತ್ತಾರೆ. ಆದರೂ ಉಸಿರು ಬಿಗಿ ಹಿಡಿದು ನೋಡುವಂತಿದ್ದರೆ ಅದೇ ನಿಜವಾದ ಥ್ರಿಲ್ಲರ್.

ಎರಡನೆಯದು ಮಳೆ. ಜುಲೈ ಮಳೆ ಮುಂಚಾವಡಿಯ ತಗಡಿನ ಮೇಲೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ. ಹಾಗಾಗಿ ಮಾತಿಗಿಂತ ಚಿತ್ರದಲ್ಲೇ ಕಥೆ ಹೇಳುವ ಸಿನಿಮಾಗಳಿಗೆ ನನ್ನ ಹತ್ತಿರ ಮಾರ್ಕ್ಸ್ ಜಾಸ್ತಿ. ಮೂರನೆಯದು, ಯಾರು ಕೂತಿದ್ದಾರೆ ಅನ್ನುವುದು. ಮಕ್ಕಳಿದ್ದಾರಾ? ಕೊಂಕಣಿ, ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಹಿರಿಯರಿದ್ದಾರಾ? ಸಬ್‌ಟೈಟಲ್ ಓದುವ ತಾಳ್ಮೆ ಇದೆಯಾ? ಉದ್ದವನ್ನೂ ಲೆಕ್ಕ ಹಾಕಬೇಕು. ನಮ್ಮ ಇನ್ವರ್ಟರ್ ಎರಡು ಗಂಟೆ ಎಳೆಯುತ್ತದೆ, ಅದಕ್ಕಿಂತ ಹೆಚ್ಚು ಇಲ್ಲ.

ಖರ್ಚಿನ ಮಾತು ಸುಲಭ. ನಮ್ಮ ದೇಶದ ಕಾನೂನಿನಲ್ಲಿ ಸಿನಿಮಾದ ಹಕ್ಕು, ಬಿಡುಗಡೆಯಾದ ಮುಂದಿನ ವರ್ಷದಿಂದ ಎಣಿಸಿ 60 ವರ್ಷ. 1930, 40, 50ರ ದಶಕದವು ಆ ಗಡಿ ದಾಟಿವೆ. ಹಳೆಯ ಕನ್ನಡ ಸಿನಿಮಾಗಳು ಬಹಳಷ್ಟು ಯೂಟ್ಯೂಬಿನಲ್ಲೇ ಸಿಗುತ್ತವೆ. ದುಡ್ಡು ಬೇಕಾಗುವುದು ಹೆಚ್ಚಾಗಿ ಹೊರದೇಶದ ಸಿನಿಮಾಗಳಿಗೆ ಮತ್ತು ಇತ್ತೀಚಿನವಕ್ಕೆ. ಒಂದು ಸಿನಿಮಾಕ್ಕಾಗಿ ವರ್ಷದ ಚಂದಾ ಕಟ್ಟಬೇಡಿ. ಬಾಡಿಗೆಗೆ ಸಿಗುತ್ತದಾ ನೋಡಿ, ಇಲ್ಲವಾದರೆ ಆ ದಶಕದ ಕನ್ನಡ ಸಿನಿಮಾ ಹಾಕಿ. ಅದರಿಂದ ನಷ್ಟವೇನಿಲ್ಲ, ಮುಂದೆ ಓದಿದರೆ ಗೊತ್ತಾಗುತ್ತದೆ.

1930 ಮತ್ತು 40: ಇಲ್ಲಿ ಹೆಚ್ಚು ಯೋಚನೆ ಬೇಡ

ಮೂವತ್ತರ ದಶಕಕ್ಕೆ ಇಂಗ್ಲಿಷ್ ಸಿನಿಮಾ ನಿರ್ದೇಶಕ ಹಿಚ್‌ಕಾಕ್‌ನ ಎರಡು ಸಿನಿಮಾಗಳ ನಡುವೆ ಪೈಪೋಟಿ. 1935ರ 'ದಿ 39 ಸ್ಟೆಪ್ಸ್' ಮತ್ತು 1938ರ 'ದಿ ಲೇಡಿ ವ್ಯಾನಿಶಸ್'. ಎರಡನೆಯದು ರೈಲಿನಲ್ಲಿ ಕಾಣೆಯಾದ ಮುದುಕಿಯ ಕಥೆ, ಮಜವಾಗಿದೆ, ಆದರೆ ಮಾತು ಜಾಸ್ತಿ. ಮೊದಲನೆಯದು ಒಂದೂವರೆ ಗಂಟೆಯೂ ಇಲ್ಲ. ಮಾಡದ ಕೊಲೆಯ ಆರೋಪ ಹೊತ್ತು ಓಡುವ ಗಂಡಸು, ಅವನ ಕೈಗೆ ಬೇಡಿಯಿಂದ ಬಿಗಿದ ಹೆಂಗಸು. ಅವಳಿಗೆ ಅವನನ್ನು ಕಂಡರಾಗದು. ಬೇಡಿ ಹಾಕಿದ ಕೈಯಲ್ಲೇ ಅವಳು ಒದ್ದೆ ಕಾಲುಚೀಲ ತೆಗೆಯುವ ದೃಶ್ಯ ಬಂದಾಗ ನಮ್ಮ ಅಜ್ಜಿ ಒಂದು ಮಾತು ಅರ್ಥವಾಗದೆಯೂ ನಕ್ಕರು. ಕಣ್ಣು ಮುಚ್ಚಿಕೊಂಡು ಇದನ್ನೇ ಆರಿಸಿ.

ನಲವತ್ತಕ್ಕೆ ಆಯ್ಕೆ ಸ್ವಲ್ಪ ಕಷ್ಟ. 1946ರ 'ನಟೋರಿಯಸ್'ನಲ್ಲಿ ಕ್ಯಾಮರಾ ಮಹಡಿಯ ಎತ್ತರದಿಂದ ಪಾರ್ಟಿಯ ಗದ್ದಲದ ಮೇಲೆ ತೇಲುತ್ತಾ ಇಳಿದು ಇಂಗ್ರಿಡ್ ಬರ್ಗ್‌ಮನ್ ಮುಷ್ಟಿಯಲ್ಲಿ ಅವಿತ ಕೀಲಿಕೈವರೆಗೆ ಬರುತ್ತದೆ. ಅಷ್ಟು ದೊಡ್ಡ ಮನೆಯಲ್ಲಿ ಮುಖ್ಯವಾದದ್ದು ಆ ಸಣ್ಣ ಕೀಲಿಕೈ ಮಾತ್ರ ಅಂತ ಯಾರೂ ಹೇಳಬೇಕಾಗಿಲ್ಲ. 1949ರ 'ದಿ ಥರ್ಡ್ ಮ್ಯಾನ್' ಯುದ್ಧ ಮುಗಿದ ವಿಯೆನ್ನಾದ ಕಥೆ. ನಾಲ್ಕು ದೇಶಗಳು ಹಂಚಿಕೊಂಡ ಊರು, ಕಳಪೆ ಪೆನ್ಸಿಲಿನ್ ಮಾರುವ ದಂಧೆ, ಒದ್ದೆ ಕಲ್ಲಿನ ಬೀದಿ, ಜಿತರ್ ವಾದ್ಯದ ಸದ್ದು. ಗೆಳೆಯ ತಪ್ಪು ಮಾಡಿದರೆ ಅವನನ್ನು ಹಿಡಿದುಕೊಡಬೇಕಾ ಅನ್ನುವ ಪ್ರಶ್ನೆ ಸಿನಿಮಾ ಮುಗಿದ ಮೇಲೂ ಕಾಡುತ್ತದೆ. ಪ್ರೀತಿಯ ಕಥೆ ಬೇಕಾದರೆ ಮೊದಲನೆಯದು. ನನ್ನ ಓಟು ಎರಡನೆಯದಕ್ಕೆ. ಅದರ ಕೊನೆಯ ದೃಶ್ಯದಲ್ಲಿ ಒಂದೂ ಮಾತಿಲ್ಲ. ಮಳೆ ಎಷ್ಟೇ ಜೋರಾಗಿ ಬರಲಿ, ಏನೂ ತಪ್ಪಿಹೋಗುವುದಿಲ್ಲ.

1950: ಭಟ್ಕಳದ ಹೆಣ್ಣುಮಗಳು

ಈ ದಶಕಕ್ಕೆ ಎಲ್ಲರೂ ಹೇಳುವುದು 1959ರ 'ನಾರ್ತ್ ಬೈ ನಾರ್ತ್‌ವೆಸ್ಟ್'. ಬಯಲಿನಲ್ಲಿ ಒಂಟಿ ಮನುಷ್ಯ, ಮೇಲಿಂದ ಔಷಧಿ ಹೊಡೆಯುವ ವಿಮಾನ ಅಟ್ಟಿಸಿಕೊಂಡು ಬರುತ್ತದೆ. ನೋಡಲೇಬೇಕಾದದ್ದು, ಮಕ್ಕಳಿಗೂ ಹಿಡಿಸುತ್ತದೆ. ಆದರೆ ಎರಡು ಗಂಟೆ ಹದಿನಾರು ನಿಮಿಷ, ಇನ್ವರ್ಟರ್ ಗಡಿ ಮೀರುತ್ತದೆ.

ನಾನು ಆರಿಸುವುದು 1954ರ ತಮಿಳು ಸಿನಿಮಾ 'ಅಂದ ನಾಳ್'. ವೀಣೆ ವಿದ್ವಾಂಸ ಎಸ್. ಬಾಲಚಂದರ್ ನಿರ್ದೇಶನ, ಎವಿಎಂ ನಿರ್ಮಾಣ. ಪ್ರತಿ ಸಿನಿಮಾದಲ್ಲೂ ಹತ್ತು ಹಾಡು ಇರುತ್ತಿದ್ದ ಕಾಲದಲ್ಲಿ ಒಂದೂ ಹಾಡಿಲ್ಲದೆ ಬಂದ ಸಿನಿಮಾ ಇದು. 1943ರಲ್ಲಿ ಜಪಾನಿನ ವಿಮಾನ ಮದರಾಸಿನ ಮೇಲೆ ಬಾಂಬ್ ಹಾಕಿದ ಹೊತ್ತು. ಒಂದು ಮನೆಯಲ್ಲಿ ಗುಂಡಿನ ಸದ್ದು. ರೇಡಿಯೊ ಎಂಜಿನಿಯರ್ ಒಬ್ಬ ಹೆಣವಾಗಿ ಬಿದ್ದಿದ್ದಾನೆ. ಶಿವಾಜಿ ಗಣೇಶನ್ ಆ ಎಂಜಿನಿಯರ್. ಯಾರು ಕೊಂದಿರಬಹುದು ಅಂತ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾ ಹೋಗುತ್ತಾರೆ. ನಿಧಾನವಾಗಿ ಅದರಿಂದ ದೇಶದ ಗುಟ್ಟಿನ ವಿಷಯ ಹೊರಗೆ ಬರುತ್ತದೆ.

ಅವನ ಹೆಂಡತಿಯ ಪಾತ್ರದಲ್ಲಿರುವವರು ಪಂಡರಿಬಾಯಿ. ನಮ್ಮ ಭಟ್ಕಳದಲ್ಲಿ ಹುಟ್ಟಿದವರು. ಅದೇ ವರ್ಷ ರಾಜ್‌ಕುಮಾರ್ ಅವರ 'ಬೇಡರ ಕಣ್ಣಪ್ಪ'ದಲ್ಲೂ ಅವರೇ ಇದ್ದರು. ಇಲ್ಲಿ ಅವರ ಮುಖವನ್ನು ಗಮನಿಸಿ. ಮೊದಲ ಸಲ ನೋಡುವಾಗ ಅದು ದುಃಖ ಅಂತ ಕಾಣುತ್ತದೆ. ಎರಡನೇ ಸಲ ನೋಡುವಾಗ ಅದೇ ಮುಖದಲ್ಲಿ ಬೇರೆ ಏನೋ ಕಾಣುತ್ತದೆ. ಇದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ.

ನಾವು ಇದನ್ನು ಹಾಕಿದ ರಾತ್ರಿ ಕೊನೆಯ ಹತ್ತು ನಿಮಿಷ ಇರುವಾಗ ಕರೆಂಟ್ ಹೋಯಿತು. ಇನ್ವರ್ಟರ್ ಆಗಲೇ ಬತ್ತಿತ್ತು. ಒಬ್ಬರೂ ಎದ್ದು ಹೋಗಲಿಲ್ಲ. ಮೇಣದಬತ್ತಿ ಹಚ್ಚಿಕೊಂಡು, ಹಲಸಿನ ಹಪ್ಪಳ ಮುರಿಯುತ್ತಾ ಒಂದು ಗಂಟೆ ವಾದ ಮಾಡಿದರು. ಅಮ್ಮ ಮಾತ್ರ ಮೊದಲಿನಿಂದ ಒಂದೇ ಹೆಸರು ಹೇಳುತ್ತಿದ್ದಳು. ಮರುದಿನ ಬೆಳಗ್ಗೆ ಕೊನೆಯ ಭಾಗ ಹಾಕಿದಾಗ ಅವಳು ಏನೂ ಮಾತಾಡಲಿಲ್ಲ, ಸುಮ್ನೆ ಚಹಾ ಮಾಡಲು ಎದ್ದು ಹೋದಳು. ಅವಳು ಗೆದ್ದಿದ್ದಳಾ ಸೋತಿದ್ದಳಾ ಅನ್ನುವುದನ್ನು ನೀವೇ ಸಿನಿಮಾ ನೋಡಿ ಊಹಿಸಿ.

ತಮಿಳು ತಿಳಿಯದವರಿಗೆ ಸಬ್‌ಟೈಟಲ್ ಬೇಕೇ ಬೇಕು. ಹಿರಿಯರಿದ್ದರೆ ಯಾರಾದರೂ ಒಬ್ಬರು ಪಕ್ಕದಲ್ಲಿ ಕೂತು ಹೇಳುತ್ತಿರಬೇಕು.

1960: ಸೂಟ್ ಹಾಕಿದ ಅಣ್ಣಾವ್ರು, ಮತ್ತು ಇನ್ನೊಬ್ಬ

ಕನಕದಾಸನಾಗಿ, ಮಹಿಷಾಸುರನಾಗಿ ನೋಡಿದ್ದ ರಾಜ್‌ಕುಮಾರ್ 1968ರ 'ಜೇಡರ ಬಲೆ'ಯಲ್ಲಿ ಸೂಟ್ ಹಾಕಿ ಪಿಸ್ತೂಲು ಹಿಡಿದು ಬಂದರು. ದೊರೈ-ಭಗವಾನ್ ಜೋಡಿಯ ನಿರ್ದೇಶನ. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'.

'ಜೇಡರ ಬಲೆ'ಯೋ 'ಗೋವಾದಲ್ಲಿ'ಯೋ ಅಂತ ಕೇಳಿದರೆ ಕಾರವಾರದವನಾದ ನಾನು ಗೋವಾದ ಕಡೆಗೇ ವಾಲುತ್ತೇನೆ. ನಮಗೆ ಗೋವಾ ಅಂದರೆ ಮಾಜಾಳಿ ದಾಟಿದರೆ ಸಿಗುವ ಪಕ್ಕದ ಊರು. ಆ ಸಿನಿಮಾ ಬಂದಾಗ ಗೋವಾ ಬಿಡುಗಡೆಯಾಗಿ ಏಳೇ ವರ್ಷ ಆಗಿತ್ತು. 1961ರ ಡಿಸೆಂಬರ್‌ನಲ್ಲಿ ಇಲ್ಲೇ ನಮ್ಮ ಎದುರಿನ ಅಂಜದೀವ್ ದ್ವೀಪದಲ್ಲಿ ನೌಕಾಪಡೆಯ ಹುಡುಗರು ಪೋರ್ಚುಗೀಸರ ಗುಂಡಿಗೆ ಪ್ರಾಣ ಕೊಟ್ಟಿದ್ದರು. ಪಕ್ಕದ ಮನೆಯ ಅಜ್ಜಿಗೆ ಆ ದಿನಗಳ ನೆನಪಿದೆ. ಲಕ್ಷ್ಮಿ ಅವರ ಮೊದಲ ಕನ್ನಡ ಸಿನಿಮಾ ಕೂಡ ಇದೇ. ಮನೆಮಂದಿ, ಮಕ್ಕಳು, ಹಿರಿಯರು ಎಲ್ಲರೂ ಇದ್ದರೆ ಬೇರೆ ಯೋಚನೆ ಬೇಡ. ಇಲ್ಲಿ ಗುಟ್ಟಿಗಾಗಿ ಯಾರೂ ಕೂರುವುದಿಲ್ಲ, ಅಣ್ಣಾವ್ರ ನಡಿಗೆಗಾಗಿ ಕೂರುತ್ತಾರೆ. ಅದು ಎಷ್ಟು ಸಲ ನೋಡಿದರೂ ಹಳತಾಗುವುದಿಲ್ಲ.

ಬಾಂಡ್ ಬೇಕೇ ಬೇಕು ಅನ್ನುವವರು 1963ರ 'ಫ್ರಂ ರಷ್ಯಾ ವಿತ್ ಲವ್' ಹಾಕಲಿ. ರೈಲಿನ ಡಬ್ಬಿಯೊಳಗಿನ ಹೊಡೆದಾಟ ಈಗಲೂ ಮೈ ಜುಮ್ಮೆನ್ನಿಸುತ್ತದೆ.

ಮಕ್ಕಳು ಮಲಗಿದ ಮೇಲೆ ಎರಡು ಮೂರು ಜನ ಉಳಿದಿದ್ದೀರಾ? ಹಾಗಾದರೆ 1965ರ 'ದಿ ಸ್ಪೈ ಹು ಕೇಮ್ ಇನ್ ಫ್ರಂ ದ ಕೋಲ್ಡ್'. ಬರ್ಲಿನ್ ಗಡಿಯಲ್ಲಿ ರಿಚರ್ಡ್ ಬರ್ಟನ್ ತನ್ನ ಮನುಷ್ಯನಿಗಾಗಿ ಕಾಯುತ್ತಿದ್ದಾನೆ. ರಾತ್ರಿ. ಆ ಕಡೆಯಿಂದ ಒಬ್ಬ ಸೈಕಲ್ ತುಳಿಯುತ್ತಾ ಬರುತ್ತಾನೆ. ಇನ್ನು ಸ್ವಲ್ಪ ದೂರ ಇರುವಾಗ ದೀಪ, ಗುಂಡು. ಇಲ್ಲಿ ಗೂಢಚಾರಿ ಅಂದರೆ ದಣಿದ, ಕುಡಿದ, ಇಸ್ತ್ರಿಯಿಲ್ಲದ ಕೋಟಿನ ಮನುಷ್ಯ. 2025ರಲ್ಲಿ ನಮ್ಮ ನೌಕಾನೆಲೆಯ ಮಾಹಿತಿ ಹೊರಗೆ ಹೋದ ಪ್ರಕರಣದಲ್ಲಿ ಎನ್‌ಐಎ ಇಲ್ಲಿಗೆ ಬಂದು ಬಂಧಿಸಿದಾಗ ಕೇರಿಯಲ್ಲಿ ಎಲ್ಲರೂ ಅಂದದ್ದು ಒಂದೇ ಮಾತು: 'ನಮ್ಮ ನಿಮ್ಮ ಹಾಗೇ ಇದ್ದವರಲ್ವಾ?' ಆಮೇಲೆ ಈ ಸಿನಿಮಾ ನನಗೆ ಇನ್ನಷ್ಟು ಹತ್ತಿರವಾಯಿತು. ನನ್ನೊಬ್ಬನಿಗೆ ಅಂತಾದರೆ ಅರವತ್ತರ ದಶಕಕ್ಕೆ ಇದೇ. ಆದರೆ ಮನಸ್ಸು ಭಾರ ಮಾಡಿಕೊಳ್ಳುವ ತಯಾರಿ ಇರಲಿ.

1970: ಕಲ್ಲಂಗಡಿ ಹಣ್ಣು

1973ರ 'ದಿ ಡೇ ಆಫ್ ದ ಜಾಕಲ್' ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್‌ನನ್ನು ಕೊಲ್ಲಲು ಬಂದ ಬಾಡಿಗೆ ಕೊಲೆಗಾರನ ಕಥೆ. ಡಿ ಗಾಲ್ ಹಾಗೆ ಸಾಯಲಿಲ್ಲ ಅಂತ ಪ್ರಪಂಚಕ್ಕೇ ಗೊತ್ತು. ಅಂದರೆ ಗುಟ್ಟು ಮೊದಲೇ ರಟ್ಟಾಗಿದೆ. ಆದರೂ ಎರಡೂ ಕಾಲು ಗಂಟೆ ಮೀರಿ ನೀವು ಕದಲುವುದಿಲ್ಲ. ಒಂದು ದೃಶ್ಯ: ಆತ ಮರಕ್ಕೆ ಕಲ್ಲಂಗಡಿ ಹಣ್ಣು ನೇತುಹಾಕುತ್ತಾನೆ. ಅದಕ್ಕೆ ಕಣ್ಣು, ಮೂಗು ಬರೆಯುತ್ತಾನೆ. ದೂರ ಹೋಗಿ ಗುಂಡು ಹೊಡೆಯುತ್ತಾನೆ, ಸ್ವಲ್ಪ ತಪ್ಪುತ್ತದೆ. ಸ್ಕ್ರೂ ಒಂದಿಷ್ಟು ತಿರುಗಿಸುತ್ತಾನೆ. ಮತ್ತೆ ಹೊಡೆಯುತ್ತಾನೆ. ಗಡಿಬಿಡಿಯಿಲ್ಲ, ಸಿಟ್ಟಿಲ್ಲ. ನಮ್ಮ ಕಡೆ ಬಲೆ ಹೆಣೆಯುವವರು ಕೂತಂತೆ ಕೆಲಸ ಮಾಡುತ್ತಾನೆ. ಕೊನೆಯ ಗುಂಡಿಗೆ ಹಣ್ಣು ಚೂರು ಚೂರು. ಒಂದು ಮಾತೂ ಇಲ್ಲ, ಒಟ್ಟು ಸಿನಿಮಾದ ಭಯ ಅಷ್ಟರಲ್ಲೇ ಇದೆ.

ಕನ್ನಡದಲ್ಲಿ 1978ರ ಕಾಶಿನಾಥ್ ಅವರ 'ಅಪರಿಚಿತ' ಇದೆ. 'ಸವಿ ನೆನಪುಗಳು ಬೇಕು' ಹಾಡು ಎಲ್ಲರಿಗೂ ಬರುತ್ತದೆ, ಅದು ಒಂದು ಸಸ್ಪೆನ್ಸ್ ಸಿನಿಮಾದ್ದು ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ. ವಾಣಿ ಜಯರಾಂ ದನಿಯಲ್ಲಿ ಅದನ್ನು ಸಿನಿಮಾದೊಳಗೆ ಕೇಳಿದರೆ ಬೇರೆಯೇ ಅನುಭವ. ಇದರ ಜೋರು ಇರುವುದು ಮೊದಲ ಸಲದ ನೋಟದಲ್ಲಿ. ಹಾಗಾಗಿ ಯಾರೂ ನೋಡಿಲ್ಲದ ಮನೆಗೆ ಇದು ಮೊದಲ ಆಯ್ಕೆ. ನೋಡಿದವರಿದ್ದರೆ 'ಜಾಕಲ್'. ಉದ್ದ ಜಾಸ್ತಿ, ನಡುವೆ ಊಟಕ್ಕೆ ನಿಲ್ಲಿಸಿ.

1980: ಹೊನ್ನಾವರದ ಹುಡುಗ

ಈ ದಶಕಕ್ಕೆ ನಾನು ಹೊರಗಿನ ಸಿನಿಮಾಗಳ ಕಡೆ ನೋಡುವುದೇ ಇಲ್ಲ. ಶಂಕರ್‌ನಾಗ್ ಹೊನ್ನಾವರ ಹತ್ತಿರದ ಮಲ್ಲಾಪುರದಲ್ಲಿ ಹುಟ್ಟಿದವರು. ಶರಾವತಿ ಸೇತುವೆ ದಾಟುವಾಗಲೆಲ್ಲ ಬಸ್ಸಿನಲ್ಲಿ ಯಾರಾದರೂ ಒಬ್ಬರು ಆ ಮಾತು ತೆಗೆಯುತ್ತಾರೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಅಪಘಾತದಲ್ಲಿ ಹೋದಾಗ ಅವರಿಗೆ 36 ಕೂಡ ತುಂಬಿರಲಿಲ್ಲ. ಅಷ್ಟರೊಳಗೆ ಮಾಡಿದ್ದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ಇನ್ನೂ ಎಷ್ಟು ಬಾಕಿ ಇತ್ತಲ್ಲ ಅಂತ.

ಮೂರು ಸಿನಿಮಾಗಳನ್ನು ಎದುರಿಗಿಟ್ಟುಕೊಳ್ಳಿ. 1980ರ 'ಮಿಂಚಿನ ಓಟ' ಅವರ ಮೊದಲ ನಿರ್ದೇಶನ. ಕಾರು ಕದಿಯುವವರು, ಜೈಲು, ಜೈಲಿನಿಂದ ತಪ್ಪಿಸಿಕೊಳ್ಳುವ ಪ್ರಯತ್ನ. ಅಣ್ಣ ಅನಂತ್‌ನಾಗ್, ಲೋಕನಾಥ್ ಜೊತೆಗಿದ್ದಾರೆ. ಮಕ್ಕಳಿಗೆ, ಹದಿಹರೆಯದವರಿಗೆ ಇದೇ ಸರಿ. ಓಟ ಇದೆ, ನಗು ಇದೆ, ಕೊನೆಗೆ ಗಂಟಲು ಕಟ್ಟುತ್ತದೆ.

1989ರ 'ತರ್ಕ' ಸುನಿಲ್‌ಕುಮಾರ್ ದೇಸಾಯಿ ಅವರ ಮೊದಲ ಸಿನಿಮಾ. ಶಂಕರ್‌ನಾಗ್, ದೇವರಾಜ್, ವನಿತಾ ವಾಸು. ಹಾಡಿಲ್ಲ. ಒಂದು ಕೊಲೆ, ಒಂದು ಮನೆ, ಮಾತಿನ ಮೇಲೆ ಮಾತು. ಇದಕ್ಕೆ ಮಳೆಯಿಲ್ಲದ ರಾತ್ರಿ ಬೇಕು. ಒಂದು ವಾಕ್ಯ ಕೇಳದಿದ್ದರೆ ಎಳೆ ತಪ್ಪುತ್ತದೆ.

ಇವೆರಡರ ನಡುವೆ 'ಆಕ್ಸಿಡೆಂಟ್'. ರಾತ್ರಿ ಹೊತ್ತು ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ರಾಜಕಾರಣಿಯ ಮಗನ ಕಾರು ಹರಿಯುತ್ತದೆ. ಯಾರು ಮಾಡಿದ್ದು ಅಂತ ನಮಗೆ ಶುರುವಿನಲ್ಲೇ ಗೊತ್ತು. ಗೊತ್ತಿಲ್ಲದ್ದು ಒಂದೇ: ಯಾರಾದರೂ ಅವನನ್ನು ಹಿಡಿಯುತ್ತಾರಾ? ಸಾಕ್ಷಿಗಳು ಒಂದೊಂದಾಗಿ ಅಳಿಸಿಹೋಗುವುದನ್ನು ನೋಡುತ್ತಾ ಕೂತಾಗ ಎದೆಯಲ್ಲಿ ಕುದಿಯುವುದು ಕುತೂಹಲವಲ್ಲ, ಕೋಪ. ಅದು ಎರಡನೇ ಸಲಕ್ಕೂ ಆರುವುದಿಲ್ಲ. ಇಳಯರಾಜ ಅವರ ಹಿನ್ನೆಲೆ ಸಂಗೀತ. ಸಾಮಾಜಿಕ ವಿಷಯದ ಸಿನಿಮಾಕ್ಕೆ ಕೊಡುವ ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು. ದೊಡ್ಡವರು ಕೂತಿದ್ದರೆ ನನ್ನ ಆಯ್ಕೆ ಇದೇ. ನಲವತ್ತು ವರ್ಷ ಕಳೆದರೂ ಪೇಪರ್ ತೆರೆದರೆ ಇದೇ ಕಥೆ ಇರುತ್ತದೆ.

1990: ಮಣಿಪಾಲದ ಕಟ್ಟಡ

1990ರ 'ದಿ ಹಂಟ್ ಫಾರ್ ರೆಡ್ ಅಕ್ಟೋಬರ್' ಸಬ್‌ಮರೀನ್ ಕಥೆ. ನೌಕಾನೆಲೆಯ ಊರಿನ ಹುಡುಗರಿಗೆ ಸಹಜವಾಗಿ ಇಷ್ಟ. ಆದರೆ 1993ರ 'ನಿಷ್ಕರ್ಷ'ದ ಎದುರು ಅದು ನಿಲ್ಲುವುದಿಲ್ಲ. ಮತ್ತೆ ದೇಸಾಯಿ. ವಿಷ್ಣುವರ್ಧನ್, ಅನಂತ್‌ನಾಗ್, ಬಿ.ಸಿ. ಪಾಟೀಲ್. ಮಣಿಪಾಲದ ಬಹುಮಹಡಿ ಕಟ್ಟಡ, ಬ್ಯಾಂಕ್ ದರೋಡೆ, ಒಳಗೆ ಸಿಕ್ಕಿಬಿದ್ದ ಜನ. ಹಾಡಿಲ್ಲ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಅಂದರೆ ಮಣಿಪಾಲಕ್ಕೆ ಹೋಗುವುದು ಅಂತಲೇ ಅರ್ಥ. ಹಾಗಾಗಿ ಆ ರಸ್ತೆ ಎಲ್ಲರಿಗೂ ಗೊತ್ತು. ಗೊತ್ತಿರುವ ಊರಿನಲ್ಲಿ ಬಂದೂಕು ಕಂಡರೆ ಭಯ ಎರಡು ಪಟ್ಟು. ಮೂರು ತಲೆಮಾರೂ ಒಟ್ಟಿಗೆ ಕೂತು ನೋಡಬಹುದಾದ ಸಿನಿಮಾ.

2000: ಕಿವಿಗೊಟ್ಟವನು

ಇಲ್ಲಿ ಪೈಪೋಟಿ ಎರಡು ಸಿನಿಮಾಗಳ ನಡುವೆ, ಎರಡೂ 2006ರವು. ಎ.ಎಂ.ಆರ್. ರಮೇಶ್ ಅವರ 'ಸೈನೈಡ್', ರಾಜೀವ್ ಗಾಂಧಿ ಹಂತಕರು ಬೆಂಗಳೂರಿನ ಕೋಣನಕುಂಟೆಯ ಮನೆಯಲ್ಲಿ ಅಡಗಿದ್ದ ಕೊನೆಯ ದಿನಗಳ ಕಥೆ. 'ಜಾಕಲ್' ಹಾಗೆಯೇ, ಕೊನೆ ಎಲ್ಲರಿಗೂ ಗೊತ್ತಿರುವ ಇತಿಹಾಸ. ಕನ್ನಡದಲ್ಲೇ ಬೇಕು, ವಾದ ಮಾಡುವ ಜನ ಕೂತಿದ್ದಾರೆ ಅಂದರೆ ಇದು.

ಜರ್ಮನಿಯ 'ದಿ ಲೈವ್ಸ್ ಆಫ್ ಅದರ್ಸ್' ಬೇರೆ ರೀತಿಯದು. ಅಟ್ಟದ ಮೇಲೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತ ಸರ್ಕಾರಿ ಗೂಢಚಾರಿ, ಕೆಳಗೆ ನಾಟಕಕಾರನ ಮನೆ. ಕದ್ದು ಕೇಳುತ್ತಾ ಕೇಳುತ್ತಾ ಅವನೇ ಬದಲಾಗುತ್ತಾನೆ. ಮಕ್ಕಳಿಗಲ್ಲ, ಹಿಂಡು ಜನಕ್ಕೂ ಅಲ್ಲ. ಗಂಡ ಹೆಂಡತಿ ಇಬ್ಬರೇ ಕೂತು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಗೂಢಚಾರಿ ಸಿನಿಮಾ ನಾನು ಕಂಡಿಲ್ಲ. ಒಂದೇ ಅಂದರೆ ಇದು.

2010: ಕೊನೆಯ ಶನಿವಾರ

2015ರ 'ರಂಗಿತರಂಗ' ಮಕ್ಕಳಿಗೆ ಪ್ರಾಣ. ದೆವ್ವವೋ ಮನುಷ್ಯನೋ ಅನ್ನುವ ಭಯಕ್ಕೆ ಕತ್ತಲು, ಮಳೆ ಎರಡೂ ಜೊತೆಯಾಗುತ್ತವೆ. 2018ರ ಹಿಂದಿ ಸಿನಿಮಾ 'ರಾಜಿ' ಪಾಕಿಸ್ತಾನಕ್ಕೆ ಮದುವೆಯಾಗಿ ಹೋದ ಹುಡುಗಿಯ ಗೂಢಚಾರಿಕೆ. ನಮ್ಮ ಅಮ್ಮ, ಅತ್ತೆಯಂದಿರಿಗೆ ಅದೇ ಹೆಚ್ಚು ಇಷ್ಟವಾಯಿತು. ಅತ್ತೆಮನೆಯಲ್ಲಿ ಹೊಸ ಸೊಸೆಯ ಹೆದರಿಕೆ ಅವರಿಗೆ ಗೊತ್ತು.

ನನ್ನದು 2019ರ 'ಕವಲುದಾರಿ'. ಮೆಟ್ರೊ ಕಾಮಗಾರಿಯಲ್ಲಿ ಮೂಳೆ ಸಿಗುತ್ತವೆ. ಟ್ರಾಫಿಕ್ ಪೊಲೀಸ್ ಒಬ್ಬ ಅದರ ಹಿಂದೆ ಬೀಳುತ್ತಾನೆ, ಅದು ಅವನ ಕೆಲಸವೇ ಅಲ್ಲ. ನಿವೃತ್ತ ಅಧಿಕಾರಿಯಾಗಿ ಅನಂತ್‌ನಾಗ್. 'ಮಿಂಚಿನ ಓಟ'ದಲ್ಲಿ ಓಡಿದ ಅದೇ ಮನುಷ್ಯ ಇಲ್ಲಿ ಗಡ್ಡ ಬಿಟ್ಟು, ಗ್ಲಾಸ್ ಹಿಡಿದು, ಹಳೆಯ ಸೋಲನ್ನು ಹೊತ್ತು ಕೂತಿರುತ್ತಾರೆ. ಎರಡನ್ನೂ ಒಂದೇ ಮಳೆಗಾಲದಲ್ಲಿ ನೋಡಿದವರಿಗೆ ಆ ಮುಖ ಹೇಳುವುದು ಇನ್ನೂ ಹೆಚ್ಚು.

ಇದನ್ನು ಏಳು ಗಂಟೆಗೇ ಶುರು ಮಾಡಿ. ಜುಲೈ ಕೊನೆಯ ಶನಿವಾರ ಬೋಟಿನವರಿಗೆ ಬೇಗ ಮಲಗಬೇಕು. ಬಲೆ ಹತ್ತಿಸಬೇಕು, ಐಸ್ ತುಂಬಬೇಕು, ಡೀಸೆಲ್ ಹಾಕಿಸಬೇಕು. ಆಗಸ್ಟ್ 1ರಿಂದ ಪಂಚೆ ಮತ್ತೆ ಅಪ್ಪನದು.